ರಾತ್ರಿ ಬಾರದ ಹೆಲಿಕಾಪ್ಟರ್ ಸಾಹೇಬರಿಗೆ

ವಿರೂಪಾಕ್ಷಿಪುರ, ಚನ್ನಪಟ್ಟಣ ತಾಲ್ಲೂಕು

ಸನ್ಮಾನ್ಯ ಏರ್ ಆಂಬುಲೆನ್ಸ್ ಸಾಹೇಬರಿಗೆ ನಮಸ್ಕಾರಗಳು.

ಕತ್ತಲಾಗುವ ತನಕ ಇತ್ತ ನಾವೆಲ್ಲ ಕ್ಷೇಮ. ತಮ್ಮ ಅಣ್ಣತಮ್ಮಂದಿರನ್ನು ಚುನಾವಣೆಗಳಲ್ಲಿ ಕಂಡಿದ್ದೇವೆ. ಮೈದಾನದಲ್ಲಿ ಸುಣ್ಣದಿಂದ ಒಂದು ‘ಎಚ್’ ಬರೆದು, ಟ್ಯಾಂಕರ್ ನೀರು ಹೊಡೆದು ಧೂಳು ಕೂರಿಸಿದರೆ ಸಾಕು, ಬಂದೇಬಿಡುತ್ತಾರೆ. ತಮ್ಮ ದರ್ಶನ ಮಾತ್ರ ಆಗಿಲ್ಲ. ತಮ್ಮ ಕಷ್ಟವೂ ಗೊತ್ತು: ಕಣ್ಣಳತೆಯಲ್ಲಿ ಹಾರುವವರಿಗೆ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗಷ್ಟೇ ಅಪ್ಪಣೆ. ಈ ವೇಳಾಪಟ್ಟಿಯನ್ನು ನಮ್ಮೂರ ಎದೆನೋವಿಗೂ ನಾಗರಹಾವಿಗೂ ಓದಿ ಹೇಳಿದೆವು, ಕೇಳಲಿಲ್ಲ.

ತಮ್ಮ ನೆಂಟರೇನೂ ದೂರದವರಲ್ಲ. ಗುಬ್ಬಿ ತಾಲ್ಲೂಕಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲೇ ಉದ್ಘಾಟನೆಯಾಯಿತು. ಜಿಪಿಎಸ್ ಲೆಕ್ಕದ ತಪ್ಪು ತಿದ್ದಿ, ಇಳಿಯುವವನಿಗೆ ಎತ್ತರವನ್ನೂ ಸರಿಯಾಗಿ ಹೇಳುವ ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಅದನ್ನು ನಂಬಿ 2023ರಲ್ಲಿ ಒಂದು ಹೆಲಿಕಾಪ್ಟರ್ ಮುಂಬೈಯ ಜುಹುವಿನಿಂದ ಪುಣೆಗೆ ಹಾರಿಯೂ ತೋರಿಸಿತು. ಕುಂದಲಹಳ್ಳಿಯಿಂದ ಪುಣೆಗೆ ದಾರಿ ತಿಳಿಯುತ್ತದೆ, ಚನ್ನಪಟ್ಟಣಕ್ಕೆ ತಿಳಿಯುವುದಿಲ್ಲ. ಇರಲಿ.

ಪೈಲಟ್ಟಿಗೆ ರಾತ್ರಿ ಕನ್ನಡಕ ಹಾಕಿಸಿ ಬರಬಹುದಲ್ಲ ಎಂದು ನಮ್ಮ ಹುಡುಗರು ಕೇಳುತ್ತಾರೆ. ನಕ್ಷತ್ರದ ಬೆಳಕನ್ನೇ ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಯಂತ್ರ ಅದು. ಆದರೆ ನೋಟ ಸುಮಾರು 40 ಡಿಗ್ರಿ ಮಾತ್ರ, ಜೋಡಿ ಕೊಳವೆಯಲ್ಲಿ ಇಣುಕಿದ ಹಾಗೆ. ದೂರದ ಅಂದಾಜು ಕೆಡುತ್ತದೆ, ತೆಳು ತಂತಿ ಕಾಣುವುದೇ ಕಷ್ಟ. ಪೈಲಟ್ ಮೊದಲು ಕಂಬ ಹುಡುಕಿ, ಕಂಬ ಕಂಡಲ್ಲಿ ತಂತಿ ಇದ್ದೀತೆಂದು ಊಹಿಸಬೇಕು. ನಮ್ಮ ತೋಟಗಳ ಹೆಚ್ಚುಗಾರಿಕೆ ಇಲ್ಲೇ ಇರುವುದು. ನಮ್ಮ ಪಂಪ್‌ಸೆಟ್ ವೈರಿಗೆ ಕಂಬದ ಹಂಗಿಲ್ಲ. ಒಂದು ತೆಂಗಿನ ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಬದುವಿನ ಬೇವಿಗೆ, ನಡುವೆ ಜೋತುಬಿದ್ದಲ್ಲಿ ಕವೆಗೋಲಿನ ಆಸರೆ. ಲೈನ್‌ಮನ್ನನಿಗೇ ತಿಳಿಯದ ಈ ಜಾಲ ತಮ್ಮ ಕನ್ನಡಕಕ್ಕೆ ಹೇಗೆ ಹೊಳೆಯಬೇಕು?

ಹಗಲಿನ ಮಾತೂ ಅಷ್ಟರಲ್ಲೇ ಇದೆ. 2025ರ ಮೇ 17ರಂದು ಕೇದಾರನಾಥದಲ್ಲಿ ತಮ್ಮದೇ ಕುಲದ ಆಂಬುಲೆನ್ಸ್ ಇಳಿಯುವಾಗ ಬಾಲ ಮುರಿದುಕೊಂಡಿತು. ಪುಣ್ಯ, ಒಳಗಿದ್ದವರು ಉಳಿದರು.

ಆದ್ದರಿಂದ ಕನ್ನಡಕ ನಿಧಾನಕ್ಕೆ ಬರಲಿ. ಹೋಬಳಿಗೊಂದು ಮೈದಾನ ಅಳೆದು, ಸುತ್ತಲಿನ ಮರ, ತಂತಿಗಳನ್ನು ನಕ್ಷೆಗೆ ಏರಿಸಿ, ನಾಲ್ಕು ದೀಪ ನೆಡಲು ತಮ್ಮ ಒಡೆಯರಿಗೆ ಹೇಳಿ. ಗೇಟಿನ ಬೀಗದ ಕೈ ರಾತ್ರಿ ಯಾರ ಮನೆಯಲ್ಲಿರುತ್ತದೆ ಎಂಬುದನ್ನೂ ಅದೇ ನಕ್ಷೆಯಲ್ಲಿ ಬರೆಸಿ. ನಮ್ಮ ವೈರು ನಾವು ಬಿಚ್ಚಿಕೊಳ್ಳುತ್ತೇವೆ.

ಅಲ್ಲಿಯವರೆಗೆ 108 ಇದೆ, 2008ರಿಂದ ನೆಲದ ಮೇಲೇ ಬರುತ್ತಿದೆ. ಅದಕ್ಕೆ ದಾರಿ ತೋರಿಸಲು ಊರ ಹುಡುಗನೊಬ್ಬ, ಆನೆ ಬಂದಿಲ್ಲವೆಂದು ನೋಡಿಕೊಂಡು, ರಸ್ತೆ ತಿರುವಿನಲ್ಲಿ ಮೊಬೈಲ್ ಟಾರ್ಚ್ ಆಡಿಸುತ್ತ ನಿಂತಿರುತ್ತಾನೆ.

ಇಂತಿ,
ವೈರು ಎಳೆದವರಲ್ಲಿ ಒಬ್ಬ