ಎಡಗಾಲಿಗೆ ಕೆಲಸವಿಲ್ಲ

ಕ್ಲಚ್ಚಿಲ್ಲದ ಕಾರಿನಲ್ಲೂ ಕ್ಲಚ್ಚು ಹುಡುಕುವವರ ಒಂದು ಪಂಗಡವಿದೆ. ವಯಸ್ಸು ಅರವತ್ತರ ಮೇಲೆ. ಕಾರು ಮಗನೋ ಮಗಳೋ ಕೊಡಿಸಿದ್ದು. ಎಡಗೈ ಸದಾ ಗೇರಿನ ತಲೆ ನೇವರಿಸುತ್ತಿರುತ್ತದೆ. 2014ರಲ್ಲಿ ಸೆಲೆರಿಯೊ ಎಎಂಟಿ ಬಂದು, ಆಟೋಮ್ಯಾಟಿಕ್ ಗೇರು ನಮ್ಮಂಥವರ ಜೇಬಿಗೂ ಎಟುಕಿದ ಮೇಲೆ ಈ ಸಂತತಿ ಬೆಳೆದಿದೆ. ನಮ್ಮ ಪಾಲಿಗೆ ಬಂದವರು ಭಾವ.

ಅವರು ಕಲಿತದ್ದು ಸ್ಟಿಯರಿಂಗ್ ಪಕ್ಕದಲ್ಲೇ ಗೇರಿದ್ದ ಹಳೇ ಫಿಯೆಟ್‌ನಲ್ಲಿ. ಹೊಸ ಕಾರಿನ ಮೊದಲ ದಿನ ಸಿಗ್ನಲ್ ಹತ್ತಿರವಾದಂತೆ ಎಡಗಾಲು ತನ್ನಷ್ಟಕ್ಕೆ ಕ್ಲಚ್ಚು ಒತ್ತಿತು, ಪೂರ್ತಿಯಾಗಿ. ಅಲ್ಲಿದ್ದದ್ದು ಬ್ರೇಕು. ನನ್ನ ತೊಡೆಯ ಮೇಲಿದ್ದ ಮಾವಿನಮಿಡಿ ಡಬ್ಬ ಹಾರಿ, ಅದರ ರಸ ಮುಂದೆ ಕೂತಿದ್ದ ಅಕ್ಕನ ಮಲ್ಲಿಗೆ ದಂಡೆಗೆ ಇಳಿಯಿತು. ಭಾವ ಹೇಳಿದ್ದಿಷ್ಟೇ: "ಬ್ರೇಕು ಚೆನ್ನಾಗಿದೆ." ಅಂದಿನಿಂದ ಎಡಗಾಲಿನ ಚಪ್ಪಲಿ ಬಿಚ್ಚಿ, ಕಾಲನ್ನು ಹಿಂದಕ್ಕೆ ಮಡಚಿ ಕೂರುತ್ತಾರೆ.

'ಡಿ'ಗೆ ಹಾಕಿ ಸುಮ್ಮನಿರಿ ಎಂದರೆ, "ಅದು ಸೋಮಾರಿಗಳಿಗೆ ಕಣೋ." 'ಎಮ್'ಗೆ ಎಳೆದು ಪ್ಲಸ್ಸು, ಮೈನಸ್ಸು, ಪ್ಲಸ್ಸು. ಆದರೆ ವೇಗ ತೀರಾ ಇಳಿದರೆ 'ಎಮ್'ನಲ್ಲೂ ಕಾರು ತಾನೇ ಗೇರು ಇಳಿಸಿಕೊಳ್ಳುತ್ತದೆಯಲ್ಲ, ಅದು ಭಾವನಿಗೆ ಸಹಿಸದು. "ನೋಡೋ, ನನ್ನ ಕೇಳದೆ ಒಂದಕ್ಕೆ ಬಂತು!" ಮಗ ಕೇಳದೆ ಮದುವೆಯಾದಾಗಲೂ ಅವರು ಇಷ್ಟು ನೊಂದಿರಲಿಲ್ಲ.

ನಾನು ಸೋಮಾರಿಗಳ ಪಕ್ಷ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ 'ಡಿ'ಯಲ್ಲೇ ಬಿಟ್ಟು, ಬ್ರೇಕು ಅದುಮಿಕೊಂಡೇ ಇಳಿಯುತ್ತಿದ್ದೆ. ಆರನೆಯದೋ ಏಳನೆಯದೋ ತಿರುವಿಗೆ ಸುಟ್ಟ ವಾಸನೆ. ದಾರಿಬದಿಯ ಹೋಟೆಲಿನದು ಎಂದುಕೊಂಡೆ. ಘಾಟಿಯಲ್ಲಿ ಎಲ್ಲಿಯ ಹೋಟೆಲು? ಭಾವ ಗದರಲಿಲ್ಲ. ಪಕ್ಕದಿಂದ ಕೈ ಚಾಚಿ 'ಎಮ್'ಗೆ ಎಳೆದು ಎರಡಕ್ಕೆ ಇಳಿಸಿದರು. ಎಂಜಿನ್ ಗುರ್ರೆಂದು ಕಾರನ್ನು ಹಿಂದಿನಿಂದ ಹಿಡಿದುಕೊಂಡಿತು. "ಹತ್ತೋವಾಗಿನ ಗೇರಲ್ಲೇ ಇಳೀಬೇಕು," ಎಂದರು ಮೆಲ್ಲಗೆ. ಸೋಮೇಶ್ವರ ಬರುವವರೆಗೂ ನಾನು ಬಾಯಿ ಬಿಡಲಿಲ್ಲ.

ಕೆಳಗೆ ಬಂದು, ಬ್ರೇಕು ತಣಿಯಲೆಂದು ಇಳಿಜಾರಿನ ಅಂಚಿನಲ್ಲೇ ನಿಲ್ಲಿಸಿದೆ. ಈ ಕಾರಿಗೆ 'ಪಿ' ಇಲ್ಲ. ಗೇರಿನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಎಳೆದೆ. ಭಾವ ಹೋಗಿ ಡಿಕ್ಕಿ ತೆಗೆದರು. ಫಿಯೆಟ್ ಮಾರಿದಾಗ ಅವರು ಉಳಿಸಿಕೊಂಡಿದ್ದು ಒಂದೇ, ಚಕ್ರಕ್ಕೆ ಕೊಡುವ ಕಲ್ಲು. ಗ್ರೀಸು ಹತ್ತಿ ಕರ್ರಗಾಗಿ, ಒಂದು ಮಗ್ಗುಲು ಟೈರಿನ ಅಳತೆಗೆ ಸವೆದಿದೆ. ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

ಬಗ್ಗಿ ಮುಂದಿನ ಚಕ್ರಕ್ಕೆ ಇಟ್ಟೆ.

"ಇನ್ನೂ ಒಳಕ್ಕೆ," ಎಂದರು.