ನಾರ್ಮಲ್ಲಾ ಸಾರ್, ಪ್ರೀಮಿಯಮ್ಮಾ?

ಪೆಟ್ರೋಲ್ ಬಂಕಿನ ಹುಡುಗ ಮೀಟರಿನ ಸೊನ್ನೆ ತೋರಿಸುವ ಮೊದಲೇ ಕೇಳುವ ಪ್ರಶ್ನೆ ಇದು. ಕೇಳುವ ಧಾಟಿಯಲ್ಲೇ ಅರ್ಧ ವ್ಯಾಪಾರ ಮುಗಿದಿರುತ್ತದೆ. ‘ನಾರ್ಮಲ್ಲಾ’ ಅನ್ನುವಾಗ ದನಿ ಇಳಿಯುತ್ತದೆ, ‘ಪ್ರೀಮಿಯಮ್ಮಾ’ ಅನ್ನುವಾಗ ಏರುತ್ತದೆ. ಹಿಂದೆ ಗಾಡಿಗಳ ಸಾಲು. ಪಕ್ಕದಲ್ಲಿ ಹೆಲ್ಮೆಟ್ ತೆಗೆದು ತಲೆ ಸವರಿಕೊಳ್ಳುತ್ತಿರುವವರು ನಿಮ್ಮದೇ ಕ್ರಾಸಿನ ರಾಯರು. ಇಂಥ ಹೊತ್ತಿನಲ್ಲಿ ‘ನಾರ್ಮಲ್ಲೇ ಹಾಕಪ್ಪ’ ಅನ್ನಲು ಗಟ್ಟಿ ಗುಂಡಿಗೆ ಬೇಕು.

ನಮ್ಮ ಭಾವನವರಿಗೆ ಆ ಗುಂಡಿಗೆ ಇಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ವಾದ ಹೂಡುವ, ನಾಲ್ಕು ಜನ ಕೂತರೆ ಎರಡೇ ಬೈ ಟೂ ಕಾಫಿ ಹೇಳುವ ಈ ಮನುಷ್ಯ ಬಂಕಿಗೆ ಬಂದರೆ ಸಾಕ್ಷಾತ್ ಕರ್ಣ. ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು ಕೊಟ್ಟು ಆಕ್ಟಿವಾಗೆ ಪ್ರೀಮಿಯಂ ಕುಡಿಸುತ್ತಾರೆ. ಟ್ಯಾಂಕ್ ಹಿಡಿಯುವುದು 5.3 ಲೀಟರ್. ಅಂದರೆ ಪ್ರತಿ ಸಲ ತುಂಬಿಸಿದಾಗಲೂ ನಲವತ್ತು ರೂಪಾಯಿ ದಾನ. ಯಾಕೆ ಭಾವ ಅಂದರೆ, “ಪಿಕಪ್ಪು ಕಣಯ್ಯಾ, ಪಿಕಪ್ಪು!”

ಎಲ್ಲಿಯ ಪಿಕಪ್ಪು? ಸಂಪಿಗೆ ರಸ್ತೆಯಲ್ಲಿ! ಸಂಜೆ ಆರು ಗಂಟೆಗೆ ಬನ್ನಿ. ಎಡಕ್ಕೆ ಬಾಳೆಎಲೆ, ಮೊಳದ ಮಲ್ಲಿಗೆ, ಸೇವಂತಿಗೆ ಕುಕ್ಕೆ. ಬಲಕ್ಕೆ ಪಾರ್ಕಿಂಗ್ ಹುಡುಕುತ್ತಾ ತೆವಳುವ ಕಾರು. ನಡುವೆ ಗಿರಾಕಿ ಇಳಿಸಿ ಚಿಲ್ಲರೆ ಎಣಿಸುತ್ತಿರುವ ಆಟೋ. ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು 2023ರಲ್ಲಿ ಸರಾಸರಿ 28 ನಿಮಿಷ ಬೇಕಾಯಿತೆಂದು ಟ್ರಾಫಿಕ್ ಅಳೆಯುವ ಟಾಮ್‌ಟಾಮ್‌ನವರು ಲೆಕ್ಕ ಹಾಕಿದರು. ಅವರು ಹಬ್ಬದ ಹಿಂದಿನ ದಿನ ಮಲ್ಲೇಶ್ವರಕ್ಕೆ ಬಂದಿರಲಾರರು.

ಪ್ರೀಮಿಯಂನಲ್ಲಿ ಆಕ್ಟೇನ್ ಜಾಸ್ತಿ, ಆಕ್ಟೇನ್ ಅಂದರೆ ಶಕ್ತಿ ಅಂತ ಭಾವ ನಂಬಿದ್ದಾರೆ. ಅದು ಶಕ್ತಿಯಲ್ಲ, ಪೆಟ್ರೋಲಿನ ತಾಳ್ಮೆ. ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವಾಗ, ಪ್ಲಗ್ಗು ಕಿಡಿ ಹಾರಿಸುವವರೆಗೂ ತಾನಾಗಿ ಸಿಡಿಯದೆ ತಡೆದುಕೊಳ್ಳಬೇಕು. ತಡೆಯದಿದ್ದರೆ ಎಂಜಿನ್ ಕಟಕಟ ಅನ್ನುತ್ತದೆ. 91 ಆಕ್ಟೇನ್ ಅಂದರೆ 91 ಪಾಲು ಐಸೊಆಕ್ಟೇನ್‌ಗೆ 9 ಪಾಲು ಹೆಪ್ಟೇನ್ ಬೆರೆಸಿದರೆ ಎಷ್ಟು ತಡೆಯುತ್ತದೋ ಅಷ್ಟು ತಡೆಯುವ ಪೆಟ್ರೋಲ್. ಒಂದು ಕಾಲಕ್ಕೆ ಈ ತಾಳ್ಮೆಯನ್ನು ಸೀಸ ಬೆರೆಸಿ ತರಿಸುತ್ತಿದ್ದರು. 2000ದ ಫೆಬ್ರುವರಿಯಿಂದ ದೇಶದಲ್ಲೆಲ್ಲ ಅದು ನಿಂತಿತು, ನಮ್ಮ ಪುಪ್ಪುಸದ ಪುಣ್ಯ. ಬಲವಾಗಿ ಒತ್ತುವ ಎಂಜಿನ್ನಿಗೆ, ಅಂದರೆ ಟರ್ಬೊ ಕಾರಿಗೋ, 12ಕ್ಕಿಂತ ಹೆಚ್ಚು ಕಂಪ್ರೆಷನ್ ಇರುವ ಕೆಟಿಎಂ ಥರದ ಬೈಕಿಗೋ ಹೆಚ್ಚಿನ ಆಕ್ಟೇನ್ ಕೊಟ್ಟರೆ ಅರ್ಥವಿದೆ. ಭಾವನ ಆಕ್ಟಿವಾ ಹತ್ತರ ಆಸುಪಾಸಿನದು. ಅದು ಒತ್ತುವುದೇ ಅಷ್ಟು, ಅದಕ್ಕೆ ಮಾಮೂಲಿ ಸಾಕು. ಸಂಪಿಗೆ ರಸ್ತೆಯಲ್ಲಿ ತಾಳ್ಮೆ ಬೇಕಿರುವುದು ಸೀಟಿನ ಮೇಲಿರುವವರಿಗೆ.

“ಅಡಿಟಿವ್ ಹಾಕಿರ್ತಾರೆ, ಎಂಜಿನ್ ಕ್ಲೀನಾಗುತ್ತೆ” ಅನ್ನುವುದು ಭಾವನ ಎರಡನೇ ಬಾಣ. ಇದು ಪೂರ್ತಿ ಸುಳ್ಳಲ್ಲ, ಇಂಜೆಕ್ಟರಿಗೆ ಕೊಳೆ ಕೂರದಂತೆ ನೋಡಿಕೊಳ್ಳುವ ಮದ್ದು ಅದರಲ್ಲಿರುತ್ತದೆ. ಆದರೆ ಸರ್ವಿಸ್ ಮಾಡಿಸಿ ವರ್ಷವಾದ ಗಾಡಿಗೆ, ಇದ್ದಿಲಾಗಿರುವ ಆಯಿಲ್ಲನ್ನೇ ಇಟ್ಟುಕೊಂಡು, ಮೇಲಿನಿಂದ ಈ ತೀರ್ಥ ಪ್ರೋಕ್ಷಣೆ ಮಾಡಿದರೆ ಏನಾದೀತು? ಇವರ ತಂದೆಯವರ ಬಜಾಜ್ ಚೇತಕ್ಕನ್ನು ನೆನೆಯಬೇಕು. ಪೆಟ್ರೋಲಿಗೆ ಅಳೆದು ಟೂ-ಟಿ ಆಯಿಲ್ ಹಾಕಿಸಿ, ಪಕ್ಕಕ್ಕೆ ಮಲಗಿಸಿ ಎತ್ತಿ, ಕಿಕ್ಕರ್ ಒದ್ದರೆ ಸಾಕು, ಬೀದಿಗೆಲ್ಲ ಹೊಗೆ ಹಾಕಿ ಹೊರಡುತ್ತಿತ್ತು. ಪ್ರೀಮಿಯಂ ಕೇಳಿದ ಗಾಡಿಯಲ್ಲ ಅದು.

ನಿಜವಾದ ತಮಾಷೆ ಈಚಿನದು. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥನಾಲಿಗೆ ಸ್ವಭಾವತಃ ಆಕ್ಟೇನ್ ಜಾಸ್ತಿ. ಹಿಂದೆ 88 ಇದ್ದ ಮಾಮೂಲಿ ಪೆಟ್ರೋಲು ಬಿಎಸ್-6 ಹೊಗೆ ನಿಯಮ ಬಂದಾಗ 91 ಆಯಿತು, ಇ20ರಿಂದ 95 ಆಗಿದೆ ಎಂದು 2025ರಲ್ಲಿ ಕೇಂದ್ರ ಸರ್ಕಾರವೇ ಹೇಳಿತು. ಭಾವ ಪ್ರೀಮಿಯಂನ 95 ಬೇಕೆಂದು ಯಾವ ಪೈಪಿಗೆ ದುಡ್ಡು ಸುರಿಯುತ್ತಿದ್ದರೋ, ಅದರ ಪಕ್ಕದ ಬಡಪಾಯಿ ಪೈಪಿನಲ್ಲೂ ಅದೇ ಅಂಕಿ! ಎಥನಾಲಿನಲ್ಲಿ ಕಸುವು ಕಡಿಮೆ, ಲೀಟರಿಗೆ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ. ಹಾಗಾಗಿ ಆಕ್ಟೇನ್ ಏರಿದರೂ ಮೈಲೇಜು ಒಂದಿಷ್ಟು ಇಳಿಯಿತು. ಹಳೇ ಗಾಡಿಯ ರಬ್ಬರು ಕೆಡುತ್ತದೆಂದು ಹೆದರಿದವರು ಈಗ ಎಥನಾಲ್ ಇಲ್ಲದ್ದು ಬೇಕೆಂದು, ಲೀಟರಿಗೆ 160ರ ಸುತ್ತಮುತ್ತ ಇರುವ ನೂರು ಆಕ್ಟೇನ್ ಹುಡುಕಿಕೊಂಡು ಹೋಗುತ್ತಾರೆ. ಭಾವನ ಕಿವಿಗೆ ಈ ಸುದ್ದಿ ಬೀಳದಿರಲಿ.

ಇದನ್ನೆಲ್ಲ ಮೊನ್ನೆ ಊಟಕ್ಕೆ ಕೂತಾಗ ಬಿಡಿಸಿ ಹೇಳಿದೆ. ಭಾವ ಸಾರಿಗೆ ಅನ್ನ ಕಲಸುತ್ತಾ, “ಮತ್ತೆ ಮೈಲೇಜು ಬರೋದಾದ್ರೂ ಹೇಗಯ್ಯಾ?” ಅಂದರು. ಟೈರಿನ ಗಾಳಿ ಸರಿಯಾಗಿದ್ದರೆ ಅರ್ಧ ಕೆಲಸ ಆದಂತೆ, ಕೊನೇ ಸಲ ಯಾವಾಗ ಹಾಕಿಸಿದಿರಿ ಅಂದೆ. ಭಾವ ತಟ್ಟೆ ನೋಡಿದರು. ಅಕ್ಕ ಹಪ್ಪಳ ಬಡಿಸುತ್ತಾ ಅಂದಳು: “ಬಂಕಲ್ಲಿ ಗಾಳಿ ಪುಕ್ಕಟೆ ಅಲ್ವೇನೋ, ಅದಕ್ಕೇ ಇವರು ಹಾಕಿಸಲ್ಲ. ಅದರಲ್ಲೂ ಪ್ರೀಮಿಯಂ ಅಂತ ಒಂದು ಪೈಪ್ ಇಟ್ಟಿದ್ರೆ ದಿನಾ ಹೋಗಿ ನಿಂತಿರೋರು.”