ಮಾಗಿಗೊಂದು ತೊಟ್ಟಿ ಮಳೆ

ಹಿಮ ಬೀಳುವ ನಾಡುಗಳಲ್ಲಿ ಮಳೆನೀರು ಕೂಡಿಡುವವರಿಗೆ ಚಳಿಗಾಲ ಬಂತೆಂದರೆ ತೊಟ್ಟಿಯದೇ ಚಿಂತೆ. ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ಪ್ಲಾಸ್ಟಿಕ್ಕೂ ಒಂದೇ, ಸಿಮೆಂಟೂ ಒಂದೇ, ಸೀಳಿಹಾಕುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದವರಿಗೆ ಆ ಭಯವಿಲ್ಲ. ನಮ್ಮ ಮಾಗಿಯ ಚಳಿ ಬೆಳಗ್ಗೆ ಆರಕ್ಕೆ ಮಂಕಿ ಟೋಪಿ ಹಾಕಿಸಿ, ಹತ್ತಕ್ಕೆ ತೆಗೆಸಿ, ಹನ್ನೆರಡಕ್ಕೆ ಅದರಲ್ಲೇ ಬೆವರು ಒರೆಸಿಕೊಳ್ಳುವಂತೆ ಮಾಡುತ್ತದೆ. ಅಲ್ಲಿ ನೀರು ಕಲ್ಲಾಗುತ್ತದೆ, ಇಲ್ಲಿ ಇಲ್ಲವಾಗುತ್ತದೆ. ಆದರೂ ಚಳಿಗಾಲ ದಾಟಲು ತೊಟ್ಟಿ ಬೇಕಾದದ್ದು ಅವರಿಗಿಂತ ನಮಗೇ ಹೆಚ್ಚು ಎಂಬುದು ನನ್ನ ವಾದ. ಅವರ ಹಿಮ ಕರಗಿದರೂ ನೀರೇ. ನಮಗೆ ಸ್ವಾತಿ ಮಳೆ ಬೆನ್ನು ತೋರಿಸಿತೆಂದರೆ ಜೂನ್ ತನಕ ಆಕಾಶದಿಂದ ಲೆಕ್ಕಕ್ಕೆ ಸಿಗುವಂತೆ ಬೀಳುವುದು ಬಿಸಿಲೊಂದೇ.

ವಿಚಿತ್ರವೆಂದರೆ ಮಳೆ ಕೂಡಿಡುವ ವಿದ್ಯೆ ನಮ್ಮ ಹೊಲಕ್ಕೆ ಗೊತ್ತಿದೆ, ಮನೆಗೆ ಗೊತ್ತಿಲ್ಲ. ಯಲಬುರ್ಗಾದ ಕಡೆಯ ಎರೆಹೊಲ ನೋಡಿ. ಸೆಪ್ಟೆಂಬರ್‌ನಲ್ಲಿ ಕುಡಿದ ಮಳೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿ ಜೋಳಕ್ಕೆ, ಕಡಲೆಗೆ ಜನವರಿವರೆಗೂ ತುಸುತುಸುವಾಗಿ ಉಣಿಸುತ್ತದೆ. ಅದೇ ಹೊಲದ ಒಡೆಯನ ಆರ್‌ಸಿಸಿ ಮನೆ ಮಾತ್ರ ಬಿದ್ದ ಮಳೆಯನ್ನು ಪೈಪಿನಿಂದ ನೇರ ಗಟಾರಕ್ಕೆ ಬಿಟ್ಟು, ಮರುದಿನ ಕೊಡ ಹಿಡಿದು ನಲ್ಲಿ ಮುಂದೆ ಸರದಿ ನಿಲ್ಲುತ್ತದೆ. ಇಲ್ಲಿ ಮಳೆಯೇ ಕಡಿಮೆ, ಕೂಡಿಡುವುದಾದರೂ ಏನನ್ನು ಎಂದು ಕೇಳುವವರು ಪೆನ್ಸಿಲ್ ಹಿಡಿಯಲಿ. ಇಪ್ಪತ್ತು ಮೂವತ್ತರ ಸೈಟಿನ ಮಾಳಿಗೆಯೆಂದರೆ ಸುಮಾರು 55 ಚದರ ಮೀಟರ್. ವರ್ಷದ ಮಳೆ 550 ಮಿ.ಮೀ. ಎಂದು ಹಿಡಿದರೆ ಅದರ ಮೇಲೆ ಬೀಳುವ ನೀರು 30,000 ಲೀಟರ್. ಐದರಲ್ಲೊಂದು ಪಾಲು ಸೋರಿ, ಆರಿ ಹೋದರೂ 24,000. ಬರಗಾಲ ಬಂದು ಮಳೆ ಅರ್ಧಕ್ಕಿಳಿದರೂ 12,000. ಐದು ಜನರ ಮನೆಗೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರಿನಂತೆ ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳಿಗೆ ಬೇಕಾದದ್ದು 5,300 ಲೀಟರ್ ಅಷ್ಟೆ. ಏಳಡಿ ಉದ್ದ, ಏಳಡಿ ಅಗಲ, ಐದಡಿ ಆಳದ ತೊಟ್ಟಿ 6,900 ಲೀಟರ್ ಹಿಡಿಯುತ್ತದೆ. ಸ್ನಾನಕ್ಕೆ, ಎಮ್ಮೆ ತೊಳೆಯಲು ಇದನ್ನು ಮುಟ್ಟಬಾರದು, ಅಷ್ಟೆ. ಮಣ್ಣಿನ ಮಾಳಿಗೆಯವರು ದನದ ಕೊಟ್ಟಿಗೆಯ ತಗಡಿನ ನೀರು ಹಿಡಿಯಬಹುದು.

‘ಬೋರ್ ಇದೆಯಲ್ಲ’ ಎನ್ನುವವರು ಉಂಟು. ಇದೆ, ಅದರಲ್ಲಿ ನೀರೂ ಇದೆ, ನೀರಿನಲ್ಲಿ ಫ್ಲೋರೈಡೂ ಇದೆ. ಈ ಸೀಮೆಯ ಬೆಣಚುಕಲ್ಲಿನ ನಡುವೆ ವರ್ಷಗಟ್ಟಲೆ ಕುಳಿತ ನೀರು ಕಲ್ಲನ್ನೇ ಅಷ್ಟಿಷ್ಟು ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಒಂದೂವರೆಯವರೆಗೆ ಸೈ ಎನ್ನುತ್ತದೆ ಭಾರತೀಯ ಮಾನಕ. ಅದು ಮೀರಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ವರ್ಷಗಳು ಕಳೆದಂತೆ ದೊಡ್ಡವರಿಗೆ ಬಗ್ಗದ ಬೆನ್ನು. ಕುದಿಸಿ ಕುಡಿದರಾಯಿತು ಎಂಬ ಸಮಾಧಾನವೂ ನಡೆಯದು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಇಂಗಿ ಅದೇ ಗಟ್ಟಿಯಾಗುತ್ತದೆ. ಮಳೆನೀರಿನಲ್ಲಿ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಐದು ರೂಪಾಯಿ ನಾಣ್ಯಕ್ಕೆ 20 ಲೀಟರ್ ಕೊಡುವ ಶುದ್ಧ ನೀರಿನ ಘಟಕ ಒಳ್ಳೆಯದೇ. ಆದರೆ ಅದಕ್ಕೆ ಕರೆಂಟು ಬೇಕು, ಫಿಲ್ಟರು ಬೇಕು, ರಿಪೇರಿಗೆ ಬರುವ ಮನುಷ್ಯ ಬೇಕು. ಮಾಳಿಗೆಗೆ ಇಳಿಜಾರು ಸಾಕು.

ಗಂಗಾವತಿಯವರು ಇದನ್ನೆಲ್ಲ ಕೇಳಿ ನಗಬಹುದು. ಅವರ ತಲೆಬಾಗಿಲಿಗೇ ಕಾಲುವೆ, ಕಣ್ಣು ಹಾಯಿಸಿದಷ್ಟೂ ಭತ್ತ. 1953ರಿಂದ ಮುನಿರಾಬಾದಿನಲ್ಲಿ ತುಂಗಭದ್ರೆಯೇ ಕಟ್ಟಿನೊಳಗೆ ಕುಳಿತಿರುವಾಗ ಏಳಡಿಯ ತೊಟ್ಟಿ ಯಾಕೆ? ಆ ದೊಡ್ಡ ತೊಟ್ಟಿಯ ಸುದ್ದಿಯನ್ನೂ ಕೇಳಿ. ಮೊದಲು 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತಾತ್ಕಾಲಿಕ ಗೇಟು ಇಳಿಸುವಷ್ಟರಲ್ಲಿ ಒಂದು ವಾರ. ಮನೆಯ ತೊಟ್ಟಿಗೆ ಗೇಟು ಒಂದೇ, ಅದರ ಹೆಸರು ನಲ್ಲಿ; ಕೆಟ್ಟರೆ ವಾಷರ್ ಬದಲಿಸಿದರಾಯಿತು.

ಇನ್ನು ಹುಳ ಬೀಳುತ್ತದೆಂಬ ಮಾತು. ಬಾಯಿ ತೆರೆದಿಟ್ಟರೆ ಬೀಳದೆ ಏನು ಮಾಡೀತು? ನಮ್ಮ ಹಿರಿಯರು ಹಗೇವಿನಲ್ಲಿ ಜೋಳವನ್ನು ಗಾಳಿ ಬೆಳಕು ತಾಗದಂತೆ ಮುಚ್ಚಿ ವರ್ಷಗಟ್ಟಲೆ ಕಾಪಾಡಿದರು. ನೀರಿಗೂ ಅದೇ ಕಾಯಿದೆ: ಬೆಳಕಿಲ್ಲದಿದ್ದರೆ ಪಾಚಿ ಇಲ್ಲ, ಸಂದಿಯಿಲ್ಲದಿದ್ದರೆ ಸೊಳ್ಳೆ ಇಲ್ಲ. ಮೊದಲ ಮಳೆ ಪಾರಿವಾಳದ ಪಾಲು, ಅದನ್ನು ಹೊರಗೆ ಬಿಡಬೇಕು. ಆಮೇಲಿನದು ಜಲ್ಲಿ, ಮರಳು ಹಾಯ್ದು ಒಳಗೆ ಬರಲಿ. ಕುಡಿಯುವ ಮುಂಚೆ ಕುದಿಸಿ. ಸಪ್ಪೆ ಎಂಬ ದೂರೊಂದು ಮಾತ್ರ ನಿಜ. ಆದರೆ ಗಡಸು ನೀರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಕರಗದೆ ಹಟ ಹಿಡಿಯುವ ತೊಗರಿಬೇಳೆ ಈ ಸಪ್ಪೆ ನೀರಿನಲ್ಲಿ ಬೇಗ ಬೇಯುತ್ತದೆ. ಉಪ್ಪು ಹೇಗೂ ನಾವೇ ಹಾಕುವುದು.

ಹುಬ್ಬಿ ಮಳೆಗೆ ಮುಂಚೆ ಒಂದು ಕೆಲಸ ಮಾಡಿ. ಮಾಳಿಗೆ ಮೇಲೆ ಬಿದ್ದಿರುವ ಮುರುಕು ಮಂಚ, ಹಳೆ ಟೈರು ಕೆಳಗಿಳಿಸಿ, ಚೆನ್ನಾಗಿ ಕಸ ಗುಡಿಸಿ.